ಗೋಡೆ ಚಿತ್ರ, ತೊಗಲು ಗೊಂಬೆ, ಕಂಸಾಳೆ: ಓದುಗರು ಕೇಳಿದ್ದು, ಬಲ್ಲವರು ಹೇಳಿದ್ದು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮೈಸೂರು, ಮಂಡ್ಯ ಸೀಮೆಯ ಭಿತ್ತಿಚಿತ್ರ ಮತ್ತು ಕುಣಿತ, ಆಟಗಳ ಬಗ್ಗೆ. ಎಲ್ಲರೂ ಬಣ್ಣದ ಬಗ್ಗೆಯೇ ಕೇಳಿದ್ದೀರಿ. ಆದರೆ ಬರೆದಿರುವ ತೊಂದರೆಗಳಲ್ಲಿ ಬಹುಪಾಲು ಬಣ್ಣ ಕೂರುವ ತಳದಿಂದ ಹುಟ್ಟಿದವು. ಹಾಗಾಗಿ ಉತ್ತರಗಳಲ್ಲಿ ಗಾರೆ, ಹಲಗೆ, ತೊಗಲಿನ ಮಾತೇ ಹೆಚ್ಚು ಬಂದಿದೆ.

ಪ್ರಶ್ನೆ: ನಮ್ಮೂರ ದೇವಸ್ಥಾನದ ಮುಖಮಂಟಪದ ಗೋಡೆಯಲ್ಲಿ ಹಿರಿಯರ ಕಾಲದ ಚಿತ್ರಗಳಿವೆ. ಮೇಲೆಲ್ಲ ದೀಪದ ಹೊಗೆ ಹಿಡಿದು ಕಪ್ಪಾಗಿದೆ, ಕೆಳಗೆ ಎರಡು ಮೂರು ಅಡಿವರೆಗೆ ಪುಡಿಪುಡಿಯಾಗಿ ಉದುರುತ್ತಿದೆ. ಜೀರ್ಣೋದ್ಧಾರದ ಜೊತೆಗೇ ಸೋಪಿನ ನೀರಿನಲ್ಲಿ ತೊಳೆಸಿ, ಪೇಂಟರ್ ಕೈಲಿ ಅದೇ ಚಿತ್ರಗಳನ್ನು ಎನಾಮೆಲ್‌ನಲ್ಲಿ ತಿದ್ದಿಸೋಣ ಅನ್ನುತ್ತಿದ್ದಾರೆ. ಸರಿಯೇ?
(ದೇವಸ್ಥಾನ ಸಮಿತಿ ಸದಸ್ಯರು, ಪಾಂಡವಪುರ ತಾಲ್ಲೂಕು)

ಉತ್ತರ: ದಯವಿಟ್ಟು ಬೇಡ. ಸಮಿತಿಯಲ್ಲಿ ಇನ್ನೂ ತೀರ್ಮಾನ ಆಗಿಲ್ಲವಾದರೆ ಈ ಪುಟವನ್ನೇ ಎಲ್ಲರ ಮುಂದೆ ಓದಿ.

ನಮ್ಮ ಕಡೆಯ ಹಳೆಯ ಗೋಡೆ ಚಿತ್ರಗಳು ಸಾಮಾನ್ಯವಾಗಿ ಒಣಗಿದ ಗಾರೆಯ ಮೇಲೆ ಬರೆದವು. ಬಣ್ಣದ ಪುಡಿಯನ್ನು ಗೋಡೆಗೆ ಹಿಡಿದಿಟ್ಟಿರುವುದು ತೆಳುವಾದ ಗೋಂದು ಮಾತ್ರ. ಹಸಿ ಗಾರೆಯ ಮೇಲೆ ಬರೆದಿದ್ದರೆ ಬಣ್ಣ ಸುಣ್ಣದೊಳಗೇ ಸಿಕ್ಕಿ ಗಟ್ಟಿಯಾಗಿರುತ್ತಿತ್ತು, ಇಲ್ಲಿ ಹಾಗಿಲ್ಲ. ಒದ್ದೆ ಬಟ್ಟೆ ತಾಗಿದರೆ ಗೋಂದು ನೆನೆಯುತ್ತದೆ, ಹೊಗೆಯ ಜೊತೆ ಬಣ್ಣವೂ ಬಟ್ಟೆಗೆ ಬರುತ್ತದೆ. ಮೊದಲು ಹೋಗುವುದು ಕಣ್ಣು, ಹುಬ್ಬು, ಒಡವೆಯ ಗೆರೆಗಳು, ಏಕೆಂದರೆ ಅವನ್ನು ಕೊನೆಯಲ್ಲಿ ಎಲ್ಲದರ ಮೇಲೆ ಎಳೆದಿರುತ್ತಾರೆ.

ಕೆಳಭಾಗ ಉದುರುವುದಕ್ಕೆ ಕಾರಣ ನೆಲದಿಂದ ಏರುವ ತೇವ. ನೀರು ಗೋಡೆಯೊಳಗೆ ಮೇಲೇರುವಾಗ ಮಣ್ಣಿನ ಉಪ್ಪನ್ನೂ ಹೊತ್ತು ತರುತ್ತದೆ. ಮೈಮೇಲೆ ನೀರು ಆರುತ್ತದೆ, ಉಪ್ಪು ಹಿಟ್ಟಿನ ಹಾಗೆ ಹೊರಗೆ ಅರಳಿ ಗಾರೆಯನ್ನೇ ತಳ್ಳುತ್ತದೆ. ಹೊರಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿದಿದ್ದೀರಾ, ಸುತ್ತ ಕಾಂಕ್ರೀಟ್ ಹಾಸಿದ್ದೀರಾ ನೋಡಿ. ಮೊದಲು ಹೊರಗಡೆಯಿಂದ ಆರುತ್ತಿದ್ದ ತೇವಕ್ಕೆ ಆ ದಾರಿ ಮುಚ್ಚಿಹೋದರೆ ಅದು ಒಳಗೆ, ಚಿತ್ರದ ಮೈಯಿಂದಲೇ ಹೊರಬರುತ್ತದೆ. ಒಳಗೆ ಕೆಳಗಡೆ ಟೈಲ್ಸ್ ಅಂಟಿಸಿದರೆ ಉಪ್ಪಿನ ಪಟ್ಟಿ ಟೈಲ್ಸ್ ದಾಟಿ ಇನ್ನೂ ಮೇಲಕ್ಕೆ ಏರುತ್ತದೆ.

ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಚಾವಣಿ ಮತ್ತು ಪಾಯದಿಂದ. ತಾರಸಿಯ ಗಾರೆ ಬಿರುಕು ಬಿಟ್ಟಿದ್ದರೆ ಸುಣ್ಣದ ಗಾರೆಯಿಂದಲೇ ಮುಚ್ಚಿಸಿ. ಮಳೆನೀರು ಗೋಡೆ ಬುಡದಲ್ಲಿ ನಿಲ್ಲದ ಹಾಗೆ ನೆಲಕ್ಕೆ ಇಳಿಜಾರು ಕೊಡಿಸಿ. ಹೊರಗಿನ ಸಿಮೆಂಟ್ ಪ್ಲಾಸ್ಟರನ್ನು ಮೆಲ್ಲಗೆ ಬಿಡಿಸಿ ಸುಣ್ಣದ ಗಾರೆ ಬಳಿಸಿ. ಚಿತ್ರವಿರುವ ಗೋಡೆಯ ಹಿಂಬದಿಯಲ್ಲಿ ಡ್ರಿಲ್ಲಿಂಗ್ ಮಷೀನು, ದೊಡ್ಡ ಸುತ್ತಿಗೆ ಬಳಸಕೂಡದು. ಆಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಒದ್ದೆ ಗೋಡೆಯ ಚಿತ್ರಕ್ಕೆ ಯಾರೇ ಕೈ ಹಾಕಿದರೂ ಆ ಕೆಲಸ ನಿಲ್ಲುವುದಿಲ್ಲ.

ಅಷ್ಟರೊಳಗೆ ನೀವೇ ಮಾಡಬಹುದಾದ್ದು ದಾಖಲೆ. ಒಂದು ಅಡಿಪಟ್ಟಿಯನ್ನು ಪಕ್ಕದಲ್ಲಿ ಹಿಡಿದು ಪ್ರತಿ ಚಿತ್ರದ ಫೋಟೊ ತೆಗೆಯಿರಿ. ಬಳಿಕ ಮಂಟಪ ಕತ್ತಲೆ ಮಾಡಿ, ಟಾರ್ಚನ್ನು ಗೋಡೆಗೆ ಒರಗಿಸಿದ ಹಾಗೆ ಪಕ್ಕದಿಂದ ಬೆಳಕು ಬಿಟ್ಟು ಮತ್ತೊಮ್ಮೆ ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ ಉಬ್ಬು, ಎದ್ದ ಹೊಪ್ಪಳೆ, ಸೀಳು ಎಲ್ಲ ಆಗ ನೆರಳು ಬಿಟ್ಟು ಎದ್ದು ಕಾಣುತ್ತವೆ. ಚಿತ್ರವಿಲ್ಲದ ಅಂಚಿನಲ್ಲಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ: ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯನ್ನು ಬಿಟ್ಟಿದೆ ಎಂದರ್ಥ. ಹಾಗೆ ಬಿಟ್ಟಿರುವ ಕಡೆ ಧೂಳನ್ನೂ ಒರೆಸಬೇಡಿ. ಗಟ್ಟಿಯಾಗಿರುವ ಕಡೆ ಮಾತ್ರ ಮೆತ್ತನೆಯ ಮೇಕೆ ಕೂದಲಿನ ಅಗಲ ಬ್ರಷ್‌ನಿಂದ ಮೇಲಿನಿಂದ ಕೆಳಗೆ, ಒತ್ತದೆ, ಧೂಳು ಕೊಡವಬಹುದು. ಎಣ್ಣೆ ದೀಪ, ಕರ್ಪೂರದ ತಟ್ಟೆಯನ್ನು ಗೋಡೆಯಿಂದ ದೂರ ಸರಿಸಿ. ಸೀರಿಯಲ್ ಸೆಟ್ ಕಟ್ಟಲು ಚಿತ್ರದ ನಡುವೆ ಮೊಳೆ ಹೊಡೆಯುವುದು ಇಂದೇ ನಿಲ್ಲಲಿ.

ಮೇಲೆ ವಾರ್ನಿಷ್ ಹೊಡೆದರೆ ಬಣ್ಣ ಹೊಳೆಯುತ್ತದೆ ಎಂಬ ಸಲಹೆ ಖಂಡಿತ ಬರುತ್ತದೆ. ಹೊಳೆಯುವುದು ಸ್ವಲ್ಪ ಕಾಲ. ಆಮೇಲೆ ಹಳದಿಗಟ್ಟುತ್ತದೆ, ತೇವವನ್ನು ಒಳಗೇ ಕಟ್ಟಿಹಾಕಿ ಬಣ್ಣದ ಪದರವನ್ನು ಹೊಪ್ಪಳೆ ಎಬ್ಬಿಸುತ್ತದೆ. ಎನಾಮೆಲ್ ಮಾಡುವುದೂ ಇದನ್ನೇ, ಜೊತೆಗೆ ಮೂಲ ಗೆರೆಯನ್ನು ಶಾಶ್ವತವಾಗಿ ಮುಚ್ಚಿಬಿಡುತ್ತದೆ.

ಹೊಗೆ ತೆಗೆಯುವುದು, ಎದ್ದ ಹೊಪ್ಪಳೆಗಳನ್ನು ಮತ್ತೆ ಕೂರಿಸುವುದು ತರಬೇತಾದ ಸಂರಕ್ಷಕರ ಕೆಲಸ. ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಫೋಟೊಗಳ ಸಮೇತ ಅರ್ಜಿ ಕೊಡಿ. ದೇವಸ್ಥಾನ ಮುಜರಾಯಿಗೆ ಸೇರಿದ್ದರೆ ತಹಶೀಲ್ದಾರರ ಮೂಲಕವೂ ಕಳಿಸಿ. ಮೈಸೂರು ಕೋಟೆಯೊಳಗಿನ ಪ್ರಸನ್ನ ಕೃಷ್ಣಸ್ವಾಮಿ ದೇವಸ್ಥಾನ, ತುಮಕೂರು ಜಿಲ್ಲೆಯ ಸೀಬಿ ನರಸಿಂಹಸ್ವಾಮಿ ದೇವಸ್ಥಾನಗಳಲ್ಲಿ ಇಂಥ ಚಿತ್ರಗಳು ಉಳಿದಿವೆ. ಸಮಿತಿಯವರು ಒಮ್ಮೆ ಹೋಗಿ ನೋಡಿ ಬರಲಿ. ತಮ್ಮೂರಿನಲ್ಲಿರುವುದು ಏನು ಎಂದು ಗೊತ್ತಾದ ಮೇಲೆ ಎನಾಮೆಲ್ ಡಬ್ಬ ತರಲು ಮನಸ್ಸು ಬರಲಾರದು.

ಪ್ರಶ್ನೆ: ಕೇರಳ ಶೈಲಿಯ ಭಿತ್ತಿಚಿತ್ರದ ಶಿಬಿರದಲ್ಲಿ ಅಕ್ರಿಲಿಕ್ ಬಣ್ಣದಲ್ಲಿ ಕಲಿತೆ. ಈಗ ಮನೆಯ ಪಡಸಾಲೆ ಗೋಡೆಗೆ ಹಳೆಯ ಕ್ರಮದಲ್ಲೇ, ಸುಣ್ಣದ ಗಾರೆ ಮತ್ತು ಮಣ್ಣಿನ ಬಣ್ಣದಲ್ಲಿ ಬರೆಯುವ ಆಸೆ. ಗೋಡೆ ಸಿಮೆಂಟಿನದು. ಏನು ಮಾಡಬೇಕು?
(ಚಿತ್ರಕಲಾ ವಿದ್ಯಾರ್ಥಿ, ಮೈಸೂರು)

ಉತ್ತರ: ಕೇರಳದ ಕ್ರಮದಲ್ಲಿ ತಳಕ್ಕೆ ಮೂರು ಹಂತ. ಮೊದಲನೆಯದು ಒಂದು ಪಾಲು ಸುಣ್ಣ, ಎರಡು ಪಾಲು ಮರಳಿನ ಒರಟು ಗಾರೆ, ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲ ಸೇರಿಸಿ ಕಲಸಿದ್ದು. ಎರಡನೆಯದು ಅದೇ ಗಾರೆಗೆ ಹತ್ತಿ ಸೇರಿಸಿ ಚೆನ್ನಾಗಿ ಕುಟ್ಟಿದ್ದು. ಮೂರನೆಯದು ಎಳನೀರಿನಲ್ಲಿ ಕದಡಿದ ಸುಣ್ಣದ ತಿಳಿ, ಹಾಲಿನಷ್ಟು ತೆಳ್ಳಗೆ, 25ರಿಂದ 30 ಸಲ ಬಳಿಯುವುದು. ಚಿತ್ರದ ಬಿಳಿ ಬಣ್ಣ ಎಂದರೆ ಈ ಮೂರನೆಯ ಪದರವೇ. ಬಿಳಿಯನ್ನು ಮೇಲೆ ಬಳಿಯುವುದಿಲ್ಲ, ಬಿಟ್ಟು ಉಳಿಸುತ್ತಾರೆ.

ಸುಣ್ಣವನ್ನು ಚೀಲದ ಪುಡಿಯಾಗಿ ತರುವ ಬದಲು ಸುಟ್ಟ ಸುಣ್ಣದ ಕಲ್ಲನ್ನೇ ತಂದು ಅರಳಿಸಿ. ಕಲ್ಲನ್ನು ನೀರಿಗೆ ಹಾಕಿ, ನೀರನ್ನು ಕಲ್ಲಿನ ಮೇಲೆ ಸುರಿಯಬೇಡಿ. ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಕೈಗವಸು ಇರಲೇಬೇಕು. ಸೋಸಿದ ಮೇಲೆ ನೀರಿನಡಿಯಲ್ಲಿ ಕನಿಷ್ಠ ಒಂದು ತಿಂಗಳು ಬಿಡಿ, ಹೆಚ್ಚಾದಷ್ಟೂ ಒಳ್ಳೆಯದು. ಅರಳದ ಹರಳು ಗಾರೆಯೊಳಗೆ ಉಳಿದರೆ ತಿಂಗಳುಗಳ ನಂತರ ತೇವ ಕುಡಿದು ಉಬ್ಬುತ್ತದೆ, ಮುಗಿದ ಚಿತ್ರದ ಕೆನ್ನೆಯ ಮೇಲೆ ಕಾಳಿನಷ್ಟು ಗುಳಿ ಬೀಳುತ್ತದೆ. ಮರಳನ್ನು ತೊಳೆದು ಬಳಸಿ. ಎಂ-ಸ್ಯಾಂಡ್ ಆದರೆ ಅದರ ಸಣ್ಣ ಧೂಳು ಹೋಗುವವರೆಗೆ ತೊಳೆಯಬೇಕು, ಇಲ್ಲವಾದರೆ ಗಾರೆ ಕುಗ್ಗಿ ಜೇಡರ ಬಲೆಯಂಥ ಸೀಳು ಬಿಡುತ್ತದೆ. ಬೆಲ್ಲ 100 ಕೆಜಿ ಸುಣ್ಣಕ್ಕೆ 3ರಿಂದ 5 ಕೆಜಿ ಸಾಕು. ಹೆಚ್ಚು ಹಾಕಿದರೆ ಗಾರೆ ಗಟ್ಟಿಯಾಗಲು ತಡಮಾಡುತ್ತದೆ, ಇರುವೆ ಹತ್ತುವುದು ಬೇರೆ. ಒರಟು ಪದರ ಅರ್ಧ ಅಂಗುಲ ಮೀರದಿರಲಿ. ಬಿಸಿಲು, ಫ್ಯಾನಿನ ಗಾಳಿ ನೇರ ತಾಗದಂತೆ ಒದ್ದೆ ಗೋಣಿತಾಟು ಕಟ್ಟಿ ನಿಧಾನವಾಗಿ ಆರಿಸಿ.

ಇನ್ನು ಬಣ್ಣ ಹಚ್ಚುವ ಹೊತ್ತು. ಹೊಸ ಸುಣ್ಣ ತೀಕ್ಷ್ಣ ಕ್ಷಾರ. ಕಾವಿ, ಹಳದಿ ಮಣ್ಣು, ದೀಪದ ಮಸಿ ಅದನ್ನು ತಡೆದುಕೊಳ್ಳುತ್ತವೆ. ಗಿಡಮೂಲದ ಬಣ್ಣಗಳು ಮಾಸುತ್ತವೆ, ಅಂಗಡಿಯ ಪ್ರಶ್ಯನ್ ನೀಲಿಯಂತೂ ಕಂದಾಗಿಬಿಡುತ್ತದೆ. ಕೇರಳದವರ ಹಸಿರು ನೀಲಿಗಿಡ ಮತ್ತು ಹಳದಿ ಮರದ ಅಂಟಿನಿಂದ ಆದದ್ದು, ಹಾಗಾಗಿ ಗೋಡೆ ಚೆನ್ನಾಗಿ ಮಾಗುವ ತನಕ ಕಾಯಲೇಬೇಕು. ಮಾಗಿದೆಯೇ ಎಂದು ತಿಳಿಯಲು ಅಡುಗೆಮನೆಯ ಅರಿಶಿನ ಸಾಕು. ಮೂಲೆಯಲ್ಲಿ ಅರಿಶಿನದ ನೀರಿನ ಒಂದು ತೊಟ್ಟು ಹಚ್ಚಿ. ಓಕುಳಿಯ ಹಾಗೆ ಕಡುಕೆಂಪಾದರೆ ಸುಣ್ಣ ಇನ್ನೂ ಹಸಿ. ಹಳದಿಯಾಗಿಯೇ ಉಳಿದರೆ, ಇಲ್ಲವೇ ತುಸು ಮಾತ್ರ ಬಣ್ಣ ತಿರುಗಿದರೆ ಬರೆಯಬಹುದು.

ಹಚ್ಚುವ ಕ್ರಮ ಮೊದಲು ಹಳದಿ, ಆಮೇಲೆ ಕೆಂಪು, ಆಮೇಲೆ ಹಸಿರು, ಕೊನೆಗೆ ಕಪ್ಪು ಗೆರೆ. ಅಂಟಿಗೆ ಬೇವಿನ ಮರದ ಗೋಂದು. ಪ್ರತಿ ಬಣ್ಣಕ್ಕೂ ಗೋಂದಿನ ಪ್ರಮಾಣ ಬೇರೆ, ಅಳತೆ ಹೇಳಿದರೆ ದಾರಿ ತಪ್ಪಿಸಿದಂತೆ. ಒಂದು ತುಂಡು ಗಾರೆ ಹಲಗೆಯ ಮೇಲೆ ಬಳಿದು ಮರುದಿನ ಒಣ ಬೆರಳಿನಿಂದ ಉಜ್ಜಿ. ಬೆರಳಿಗೆ ಬಣ್ಣ ಬಂದರೆ ಗೋಂದು ಕಡಿಮೆ, ಮೈ ಮಿರುಗಿ ಅಂಚು ಸುರುಳಿ ಎದ್ದರೆ ಹೆಚ್ಚು.

ಸಿಮೆಂಟ್ ಗೋಡೆಯ ಮೇಲೆಯೇ ಸುಣ್ಣದ ಗಾರೆ ಬಳಿಯುವುದನ್ನು ನಾವು ಒಪ್ಪುವುದಿಲ್ಲ. ಹಿಡಿತ ಸಿಗುವುದಿಲ್ಲ, ಸಿಮೆಂಟಿನ ಉಪ್ಪು ಮೇಲೆ ಬರುತ್ತದೆ. ಚಿತ್ರದಷ್ಟು ಅಗಲಕ್ಕೆ ಪ್ಲಾಸ್ಟರನ್ನು ಇಟ್ಟಿಗೆವರೆಗೂ ಬಿಡಿಸಿ ಅಲ್ಲಿಂದ ಸುಣ್ಣದಲ್ಲೇ ಕಟ್ಟಿಕೊಂಡು ಬನ್ನಿ. ಅದು ಆಗದಿದ್ದರೆ ಬೇರೆ ತಳದ ಮೇಲೆ ಬರೆದು ಗೋಡೆಗೆ ಕೂರಿಸಿ. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳಿವೆಯಲ್ಲ, 1934ರಿಂದ 1945ರ ನಡುವೆ ಆದವು, ಅವು ಕ್ಯಾನ್ವಾಸಿನ ಮೇಲಿನ ತೈಲವರ್ಣಗಳು. ಗೋಡೆ ತುಂಬ ಕಾಣುವ ಚಿತ್ರವೆಲ್ಲ ಗೋಡೆಯ ಮೇಲೇ ಬರೆದದ್ದಾಗಬೇಕಿಲ್ಲ.

ಪ್ರಶ್ನೆ: ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಯುದ್ಧದ ಚಿತ್ರ ಟಿಪ್ಪು ಕಾಲದ್ದೇ, ಆಮೇಲೆ ಬರೆದದ್ದೇ? ಮಕ್ಕಳನ್ನು ಕರೆದುಕೊಂಡು ಹೋಗುವವರಿದ್ದೇವೆ.
(ಪ್ರೌಢಶಾಲಾ ಶಿಕ್ಷಕಿ, ಮದ್ದೂರು)

ಉತ್ತರ: ಎರಡೂ ಹೌದು. ಅರಮನೆ ಕಟ್ಟಿದ್ದು 1784ರಲ್ಲಿ. ಪಡುವಣ ಗೋಡೆಯಲ್ಲಿರುವುದು 1780ರ ಸೆಪ್ಟೆಂಬರ್‌ನಲ್ಲಿ ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಇಂಗ್ಲಿಷ್ ಕರ್ನಲ್ ಬೇಯ್ಲಿಯ ಪಡೆ ಹೈದರ್, ಟಿಪ್ಪು ಸೇನೆಗೆ ಸೋತ ಕಾಳಗ. ಟಿಪ್ಪುವಿನ ಕಾಲದಲ್ಲೇ ಒಮ್ಮೆ ಅದಕ್ಕೆ ಸುಣ್ಣ ಬಳಿಯಲಾಯಿತು. 1799ರ ಬಳಿಕ ಅಲ್ಲಿ ವಾಸವಿದ್ದ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಮತ್ತೆ ಹಾಳಾದಾಗ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದ ಮೇಲೆ, ಹಳೆಯ ಚಿತ್ರವನ್ನು ಬಲ್ಲ ಕಲಾವಿದನಿಂದ ಪುನಃ ಬರೆಸಿದರು. ಅಂದರೆ ಯೋಜನೆ ಹಳೆಯದು, ಕಣ್ಣಿಗೆ ಕಾಣುವ ಕುಂಚದ ಕೆಲಸ ಹಲವು ಕೈಗಳದ್ದು.

ಮಕ್ಕಳಿಗೆ ಮೂರು ವಿಷಯ ತೋರಿಸಿ. ನಡುವೆ ಚೌಕವಾಗಿ ಸುತ್ತುವರಿದು ನಿಂತ ಇಂಗ್ಲಿಷ್ ಪಡೆ, ಅದರೊಳಗೆ ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿರುವ ಬೇಯ್ಲಿ. ದೂರದವರು ಚಿಕ್ಕದು, ಹತ್ತಿರದವರು ದೊಡ್ಡದು ಎಂಬ ಲೆಕ್ಕ ಇಲ್ಲಿಲ್ಲ; ಒಂದರ ಮೇಲೊಂದು ಸಾಲು ಜೋಡಿಸಿದ್ದಾರೆ. ಕೆಳಗಿನಿಂದ ಮೇಲಕ್ಕೆ ಒಂದೊಂದು ಸಾಲನ್ನೇ ಓದಿಸಿದರೆ ಮಕ್ಕಳು ಗಂಟೆಗಟ್ಟಲೆ ನಿಲ್ಲುತ್ತಾರೆ. ಗೋಡೆ ಮುಟ್ಟದಂತೆ ನೋಡಿಕೊಳ್ಳಿ, ಬೆವರಿನ ಕೈ ಬಣ್ಣಕ್ಕೆ ಉಪ್ಪುನೀರಿದ್ದಂತೆ.

ಪ್ರಶ್ನೆ: ಮೈಸೂರು ಸಾಂಪ್ರದಾಯಿಕ ಚಿತ್ರ ಕಲಿಯುತ್ತಿದ್ದೇನೆ. ಒಡವೆಗೆ ಎಬ್ಬಿಸಿದ ಉಬ್ಬು ಕೆಲಸ ಬಿರುಕು ಬಿಡುತ್ತದೆ, ಚಿನ್ನದ ಹಾಳೆ ಅಲ್ಲಲ್ಲಿ ಕಿತ್ತುಬರುತ್ತದೆ. ಕಾರಣವೇನು?
(ಗೃಹಿಣಿ, ಕುವೆಂಪುನಗರ)

ಉತ್ತರ: ಮೈಸೂರಿನ ಉಬ್ಬು ತಂಜಾವೂರಿನದರಷ್ಟು ಎತ್ತರ ಇರುವುದಿಲ್ಲ, ಇರಲೂಬಾರದು. ನೂಲೆಳೆಯಷ್ಟು ಎದ್ದರೆ ಆಯಿತು. ಮಕ್ಕಿ ಸಫೇದ ಎಂಬ ಬಿಳಿ ಪುಡಿ, ಗೋಂದು, ಹಳದಿಗೆ ರೇವಲ್ ಚಿನ್ನಿ ಎಂಬ ಮರದ ಅಂಟು ಸೇರಿಸಿದ ಮುದ್ದೆಯನ್ನು ಒಂದೇ ಸಲ ದಪ್ಪಗೆ ಇಟ್ಟರೆ ಮೇಲ್ಮೈ ಮೊದಲು ಒಣಗಿ, ಒಳಗಿನ ತೇವ ಆರುವಾಗ ಸೀಳುತ್ತದೆ. ತೆಳುವಾಗಿ ಎರಡು ಮೂರು ಸಲ, ಪ್ರತಿ ಸಲವೂ ಪೂರ್ತಿ ಒಣಗಿಸಿ ಇಡಿ. ಗೋಂದು ಜಾಸ್ತಿಯಾದರೂ ಬಿರುಕೇ, ಆದರೆ ಆ ಬಿರುಕಿನ ಅಂಚು ಗಾಜಿನಂತೆ ಮೇಲೆದ್ದಿರುತ್ತದೆ. ಗೋಂದು ಕಡಿಮೆಯಾದರೆ ಉಗುರು ತಾಗಿದಲ್ಲಿ ಪುಡಿ ಉದುರುತ್ತದೆ. ಯಾವ ತಪ್ಪು ಎಂದು ಇದರಿಂದಲೇ ಗುರುತಿಸಬಹುದು.

ಉಬ್ಬಿನ ಜಾಗದಲ್ಲೆಲ್ಲ ಒಟ್ಟಿಗೆ ಬಿರುಕು ಬಂದರೆ ಹಲಗೆಯನ್ನು ಅನುಮಾನಿಸಿ. ಪ್ಲೈವುಡ್‌ಗೆ ಕಾಗದ ಅಂಟಿಸುವಾಗ ನಡುವಿನಿಂದ ಅಂಚಿಗೆ ಉಜ್ಜುತ್ತ ಗಾಳಿ ಹೊರಡಿಸದಿದ್ದರೆ ಗುಳ್ಳೆ ಉಳಿಯುತ್ತದೆ, ಮಳೆಗಾಲದಲ್ಲಿ ಅದು ಉಸಿರಾಡಿದಂತೆ ಏರಿಳಿಯುತ್ತದೆ, ಮೇಲಿನ ಕೆಲಸವೆಲ್ಲ ಒಡೆಯುತ್ತದೆ.

ಚಿನ್ನದ ಹಾಳೆ ಕಿತ್ತುಬರುವುದು ಹೊತ್ತಿನ ತಪ್ಪು. ಅಂಟು ಹಸಿಯಾಗಿದ್ದಾಗ ಇಟ್ಟರೆ ಹಾಳೆ ಮುಳುಗಿ ಮಂಕಾಗುತ್ತದೆ. ಪೂರ್ತಿ ಒಣಗಿದ ಮೇಲೆ ಇಟ್ಟರೆ ಹಿಡಿಯುವುದಿಲ್ಲ. ಬೆರಳ ಗೆಣ್ಣು ತಾಗಿಸಿದಾಗ ಅಂಟಿದಂತಾಗಬೇಕು, ಚರ್ಮಕ್ಕೆ ಏನೂ ಬರಕೂಡದು, ಆಗ ಇಡಿ. ಫ್ಯಾನ್ ಆರಿಸಿ, ಉಸಿರು ತಡೆದು. ಮೇಲೆ ತೆಳು ಕಾಗದ ಹಾಕಿ ನುಣುಪು ಕಲ್ಲಿನಿಂದ ಹಗುರವಾಗಿ ಉಜ್ಜಿ. ಅಗ್ಗದ ನಕಲಿ ಹಾಳೆ ಹಿತ್ತಾಳೆಯದು, ಕೆಲವು ವರ್ಷಕ್ಕೆ ಹಸಿರು ಕಟ್ಟುತ್ತದೆ. ಕಲಿಯುವಾಗ ಅದನ್ನೇ ಬಳಸಿ, ಮಾರುವ ಚಿತ್ರಕ್ಕೆ ಬಳಸಬೇಡಿ. ಹಳೆಯ ಕಾಲದ ಬಿಳಿ ಸೀಸದ್ದು, ವಿಷ. ಸತುವಿನ ಬಿಳಿ ತನ್ನಿ, ಆದರೂ ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಬಿಡಿ. ಚೌಕಟ್ಟಿನಲ್ಲಿ ಗಾಜು ಚಿನ್ನಕ್ಕೆ ತಾಗದಂತೆ ಸಣ್ಣ ಪಟ್ಟಿ ಕೊಡಿಸಿ.

ಪ್ರಶ್ನೆ: ನಮ್ಮ ಶಾಲೆಗೆ ಒಬ್ಬರು ಹಳೆಯ ತೊಗಲು ಗೊಂಬೆಗಳನ್ನು ಕೊಟ್ಟಿದ್ದಾರೆ. ಕೆಲವು ಸುರುಳಿಯಾಗಿವೆ. ಮಕ್ಕಳು ಮಾಡಿದ ಹೊಸ ಗೊಂಬೆ ಪರದೆಯ ಮೇಲೆ ಬಣ್ಣವೇ ಇಲ್ಲದೆ ಕಪ್ಪಾಗಿ ಕಾಣುತ್ತದೆ, ಎಲ್‌ಇಡಿ ದೀಪ ಹಾಕಿದರೆ ಒಂದು ಗೊಂಬೆಗೆ ನಾಲ್ಕು ಅಂಚು ಕಾಣುತ್ತದೆ.
(ಶಿಕ್ಷಕರು, ನಾಗಮಂಗಲ)

ಉತ್ತರ: ನಾಗಮಂಗಲದ ಸೀಮೆಯಲ್ಲಿ ಗೊಂಬೆ ಆಡಿಸುವ ಮನೆತನಗಳೇ ಇವೆ, ಮೊದಲು ಅವರನ್ನು ಶಾಲೆಗೆ ಕರೆಸಿ, ಗೌರವಧನ ಕೊಟ್ಟು ಕಲಿಸಿ ಎಂದು ಕೇಳಿ. ನಾವು ಬರೆಯುವುದು ಅದಕ್ಕೆ ಪೂರಕವಾಗಿ ಅಷ್ಟೇ.

ಗೊಂಬೆಯ ತೊಗಲು ಹದ ಮಾಡಿದ ಚಪ್ಪಲಿ ಚರ್ಮದ ಥರದ್ದಲ್ಲ. ಮೇಕೆಯ ಹಸಿ ತೊಗಲನ್ನು ನೆನೆಸಿ, ಕೂದಲು ಮತ್ತು ಒಳಗಿನ ಮಾಂಸದ ಪೊರೆಯನ್ನು ಕತ್ತಿಯಿಂದ ಹೆರೆದು, ಗೂಟ ಹೊಡೆದು ಬಿಗಿಯಾಗಿ ಎಳೆದು ನೆರಳಿನಲ್ಲಿ ಒಣಗಿಸಿದ್ದು. ಬೆಳಕು ಹಾಯುವಷ್ಟು ತೆಳ್ಳಗಾಗಿರುತ್ತದೆ, ಅದೇ ಕಾರಣಕ್ಕೆ ತೇವ ಕಂಡರೆ ಹಿಗ್ಗುತ್ತದೆ, ಸೆಕೆಗೆ ಕುಗ್ಗುತ್ತದೆ, ಸುರುಳಿಯಾಗುತ್ತದೆ.

ನಿಮ್ಮ ಹೊಸ ಗೊಂಬೆಗೆ ಬಳಿದದ್ದು ಪೋಸ್ಟರ್ ಬಣ್ಣ ಇರಬೇಕು. ಅದು ಬೆಳಕನ್ನು ತಡೆಯುತ್ತದೆ, ಪರದೆಯ ಮೇಲೆ ಕಪ್ಪು ಬೀಳುತ್ತದೆ. ಬೇಕಾದ್ದು ನೀರಿನಂತೆ ತೊಗಲಿನೊಳಗೆ ಇಳಿಯುವ ಬಣ್ಣ, ಎರಡೂ ಮುಖಕ್ಕೆ ಹಚ್ಚಬೇಕು. ಬಿಳಿ ಬೇಕೆಂದಲ್ಲಿ ತೊಗಲನ್ನು ಹಾಗೇ ಬಿಡಿ. ಒಡವೆ, ಸೀರೆಯ ಅಂಚು ತೋರಿಸುವುದು ಬಣ್ಣಕ್ಕಿಂತ ರಂಧ್ರ. ಮರದ ದಿಮ್ಮಿಯ ಮೇಲಿಟ್ಟು ಸಣ್ಣ ಉಳಿಗಳಿಂದ ಹೊಡೆಯಬೇಕು. ಎರಡು ರಂಧ್ರದ ನಡುವೆ ಒಂದು ರಂಧ್ರದಷ್ಟಾದರೂ ತೊಗಲು ಉಳಿಯಲಿ, ಇಲ್ಲವಾದರೆ ಆಡಿಸುವಾಗ ಸಾಲಾಗಿ ಹರಿಯುತ್ತದೆ. ರಂಧ್ರ ಹೊಡೆದ ಮೇಲೆ ಬಣ್ಣ, ಬಣ್ಣ ಒಣಗಿದ ಮೇಲೆ ಭುಜ, ಮೊಣಕೈ ಕೀಲುಗಳಿಗೆ ದಾರದ ಗಂಟು, ಕೊನೆಗೆ ನಡುವಿನ ಬಿದಿರ ಸೀಳು. ಗಂಟು ತೀರ ಬಿಗಿದರೆ ಕೈ ತಾನಾಗಿ ಇಳಿಯುವುದಿಲ್ಲ. ಕೈ ಎತ್ತಿ ಬಿಟ್ಟಾಗ ತನ್ನ ಭಾರಕ್ಕೆ ಬೀಳಬೇಕು.

ದೀಪದ ತೊಂದರೆ ಸುಲಭ. ಸಾಲು ಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ಒಂದೊಂದು ನೆರಳು ಬಿಡುತ್ತದೆ. ಹಿಂದೆ ಎಣ್ಣೆಯ ಒಂದೇ ದೊಡ್ಡ ದೀಪ ಇರುತ್ತಿತ್ತು. ನೀವು ಹಳದಿ ಬೆಳಕಿನ ಒಂದೇ ಬಲ್ಬನ್ನು ಆಡಿಸುವವರ ತಲೆಯ ಮಟ್ಟಕ್ಕೆ ಕಟ್ಟಿ. ಬಿಳಿ ಪಂಚೆಯನ್ನು ನೆರಿಗೆ ಇಲ್ಲದಂತೆ ಬಿಗಿದು, ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದು ಆಡಿಸಿ. ಬಟ್ಟೆಯಿಂದ ಹಿಂದೆ ಸರಿದಷ್ಟೂ ಅಂಚು ಮಸುಕಾಗುತ್ತದೆ. ಮಾಯವಾಗುವ ರಾಕ್ಷಸನಿಗೆ ಅದನ್ನೇ ಉಪಾಯವಾಗಿ ಬಳಸಬಹುದು.

ಸುರುಳಿಯಾದ ಹಳೆಯ ಗೊಂಬೆಯನ್ನು ಬಿಡಿಸಲು ನೀರು ಚಿಮುಕಿಸಬೇಡಿ, ಇಸ್ತ್ರಿಯಂತೂ ಕೂಡದು. ತೊಗಲು ಸುಟ್ಟು ಚುರುಟುತ್ತದೆ, ಮತ್ತೆ ಸರಿಯಾಗದು. ಮಳೆಗಾಲದ ದಿನ ಹತ್ತಿ ಬಟ್ಟೆಯ ಮಡಿಕೆಗಳ ನಡುವೆ ಇಟ್ಟು, ಮೇಲೆ ಹಲಗೆ ಹೇರಿ, ದಿನವೂ ಸ್ವಲ್ಪ ಸ್ವಲ್ಪ ಭಾರ ಹೆಚ್ಚಿಸಿ. ಗಾಳಿಯ ತೇವವೇ ಮೆತ್ತಗೆ ಮಾಡುತ್ತದೆ. ಆಮೇಲೂ ಮಲಗಿಸಿಯೇ ಇಡಿ, ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೂಸ್ಟು ಹಿಡಿಯುತ್ತದೆ. ಇಲಿ ಮತ್ತು ತೊಗಲು ತಿನ್ನುವ ಹುಳ ದೊಡ್ಡ ಶತ್ರುಗಳು, ತಿಂಗಳಿಗೊಮ್ಮೆ ಬಿಚ್ಚಿ ಗಾಳಿಯಾಡಿಸಬೇಕು. ಮನೆತನದವರು ದೇವರ ಗೊಂಬೆ, ರಾಕ್ಷಸರ ಗೊಂಬೆಯನ್ನು ಬೇರೆ ಬೇರೆ ಇಡುತ್ತಾರೆ. ಕೊಟ್ಟವರ ಮನಸ್ಸಿಗೆ ನೋವಾಗದಂತೆ ಅದನ್ನು ನೀವೂ ಪಾಲಿಸಿ. ರಾಮನಗರದ ಜಾನಪದ ಲೋಕದಲ್ಲಿ ತೊಗಲು ಗೊಂಬೆಗಳಿವೆ. ಮಕ್ಕಳಿಗೆ ಮೂಲ ರಂಧ್ರದ ಕೆಲಸ ತೋರಿಸಲು ಅಲ್ಲಿಗೆ ಕರೆದೊಯ್ಯಿರಿ.

ಪ್ರಶ್ನೆ: ಹುಡುಗರ ತಂಡಕ್ಕೆ ಬೀಸು ಕಂಸಾಳೆ ಕಲಿಸುತ್ತಿದ್ದೇವೆ. ಸದ್ದು 'ಥಪ್' ಎಂದು ಸತ್ತಂತೆ ಬರುತ್ತದೆ. ಮಣಿಕಟ್ಟು ನೋವು ಬೇರೆ.
(ಯುವಕ ಸಂಘ, ಟಿ. ನರಸೀಪುರ)

ಉತ್ತರ: ಎಡಗೈಯ ಬಟ್ಟಲಿಗೆ ಬಲಗೈಯ ತಟ್ಟೆಯನ್ನು ಮುಚ್ಚಳದಂತೆ ಬಡಿದರೆ ಒಳಗೆ ಗಾಳಿ ಸಿಕ್ಕಿ ಸದ್ದು ಸಾಯುತ್ತದೆ. ಅಂಚಿಗೆ ಅಂಚು ಓರೆಯಾಗಿ ತಾಗಿ ಕೂಡಲೇ ಬಿಡಬೇಕು. ಅಂಗೈ ಪೂರ್ತಿ ಬಟ್ಟಲಿಗೆ ಅಂಟಿದರೂ ಕಂಚು ಮೊಳಗುವುದಿಲ್ಲ. ಅದೆಲ್ಲ ಸರಿಯಿದ್ದೂ ಸದ್ದು ಒಡೆದಂತಿದ್ದರೆ ಕಂಚಿನಲ್ಲೇ ಕೂದಲೆಳೆ ಬಿರುಕಿರಬಹುದು, ಕೊಳ್ಳುವಾಗ ದಾರದಲ್ಲಿ ತೂಗುಹಾಕಿ ಬಡಿದು ಕೇಳಿಯೇ ತನ್ನಿ.

ಮಣಿಕಟ್ಟು ನೋಯುವುದು ತೋಳು ಬೀಸದೆ ಕೈಯನ್ನಷ್ಟೇ ತಿರುಚುವುದರಿಂದ. ಮೊದಲು ನಿಂತಲ್ಲೇ ಹೊಡೆತ, ಅದು ತಪ್ಪದೆ ಬಂದ ಮೇಲೆ ಹೆಜ್ಜೆ, ಆಮೇಲೆ ತಲೆಯ ಮೇಲೆ, ಬೆನ್ನ ಹಿಂದೆ ಬೀಸುವುದು. ವೇದಿಕೆ ಕಾರ್ಯಕ್ರಮದ ಆತುರದಲ್ಲಿ ಈ ಕ್ರಮ ಮುರಿಯಬೇಡಿ. ಪ್ರತಿ ಸಲ ಕುಣಿಯುವ ಮುಂಚೆ ತಟ್ಟೆಯ ದಾರ ನೋಡಿ. ನಡುವಿನ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಅದು ಗಂಟಿನ ಬಳಿಯೇ ಸವೆಯುತ್ತದೆ. ಬೀಸುವಾಗ ಹರಿದರೆ ಕಂಚಿನ ತಟ್ಟೆ ನೇರ ಪಕ್ಕದವನ ಮುಖಕ್ಕೆ. ಇಬ್ಬರು ತೋಳು ಚಾಚಿದರೂ ತಾಗದಷ್ಟು ಅಂತರ ಇರಲಿ.

ಇದು ಮಲೆ ಮಹದೇಶ್ವರನ ಒಕ್ಕಲಿನ ಕಲೆ, ಗುಡ್ಡರು ಎಂಬ ಅವನ ಭಕ್ತರು ದೀಕ್ಷೆ ಪಡೆದು ಹಿಡಿಯುವ ಕಂಸಾಳೆ. ದೀಕ್ಷೆಯಿಲ್ಲದ ಹುಡುಗರು ವೇದಿಕೆಗೆ ಕಲಿಯುವುದನ್ನು ನಾವು ತಪ್ಪೆನ್ನುವುದಿಲ್ಲ, ಆದರೆ ಮಾದಪ್ಪನ ಕಥೆಯ ಒಂದು ಸಾಲನ್ನಾದರೂ ಹಾಡಲು ಬರದೆ ಬರೀ ಕಸರತ್ತು ಕಲಿತರೆ ಅರ್ಧ ಕಲೆಯೂ ಕಲಿತಂತಾಗದು.

ಪ್ರಶ್ನೆ: ಮೂಡಲಪಾಯ ಬಯಲಾಟದ ಬಣ್ಣ ಬೆವರಿಗೆ ಜಾರುತ್ತದೆ. ಹಳಬರು ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಹಚ್ಚುತ್ತಿದ್ದರಂತೆ, ಅದನ್ನೇ ತರಿಸೋಣವೇ?
(ಬಯಲಾಟದ ತಂಡ, ಕೃಷ್ಣರಾಜಪೇಟೆ)

ಉತ್ತರ: ತರಿಸಬೇಡಿ. ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇದೆ. ರಾತ್ರಿಯಿಡೀ ಬೆವರು, ಎಣ್ಣೆಯ ಜೊತೆ ಮುಖದ ಮೇಲಿದ್ದರೆ ಚರ್ಮ, ಕಣ್ಣು ಎರಡಕ್ಕೂ ಅಪಾಯ. ಮುಖಕ್ಕೆಂದೇ ಮಾಡಿದ ಬಣ್ಣ ತನ್ನಿ. ಜಾರುವುದಕ್ಕೆ ಕಾರಣ ಬಹುತೇಕ ಕೊಬ್ಬರಿ ಎಣ್ಣೆ ಹೆಚ್ಚಾಗಿರುವುದು. ಮುಖ ತೊಳೆದು ಒರೆಸಿ, ನಾಲ್ಕೈದು ಹನಿಯಷ್ಟು ಎಣ್ಣೆಯನ್ನು ಮುಖವಿಡೀ ಸವರಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒತ್ತಿ ತೆಗೆದ ಮೇಲೆ ಬಣ್ಣ ಹಚ್ಚಿ. ಒಣ ಪೌಡರನ್ನು ಪಫ್‌ನಿಂದ ಒತ್ತಿ ಕೂರಿಸಿ, ಉಜ್ಜಬೇಡಿ. ಕಪ್ಪು ಗೆರೆಗಳನ್ನು ಪೌಡರ್ ಕೂತ ಮೇಲೆಯೇ ಎಳೆಯಿರಿ. ಹಣೆಗೆ ಕಿರೀಟ ಕಟ್ಟುವ ಜಾಗದಲ್ಲಿ ಬಣ್ಣದ ಮೊದಲೇ ತೆಳು ಬಟ್ಟೆ ಪಟ್ಟಿ ಬಿಗಿದರೆ ತಲೆಯ ಬೆವರು ಮುಖಕ್ಕೆ ಇಳಿಯುವುದಿಲ್ಲ.